ಮಲ್ಲಿಗೆಯ ಮೇಲೆ ಹೊರಿಸಿದ ತಪ್ಪು

ಶಂಕರಪುರದ ವೆರೊನಿಕಾ ತನ್ನ ಅರುವತ್ತು ಮಲ್ಲಿಗೆ ಗಿಡಗಳಿಗೆ ಮರಣದಂಡನೆ ವಿಧಿಸಿ ಆಗಿತ್ತು. ಎರಡು ವರ್ಷಗಳಿಂದ ಬಲಗಣ್ಣಿನ ಹಿಂದೆ ಕುಟ್ಟುವ ತಲೆನೋವಿಗೆ ಹೂವಿನ ಘಮವೇ ಕಾರಣವೆಂದು ಆಕೆಯ ತೀರ್ಮಾನ. ಸಾಕ್ಷಿಯೂ ಇತ್ತೆನ್ನಿ. ಬೆಳಿಗ್ಗೆ ಮೊಗ್ಗು ಕಟ್ಟಲು ಕುಳಿತರೆ ನೋವು ಶುರು. ಜಡಿಮಳೆಯ ತಿಂಗಳಲ್ಲಿ ಮೊಗ್ಗಿಲ್ಲ, ನೋವೂ ಇಲ್ಲ. ಕನ್ನಡಕ ಬದಲಾಯಿತು, ಇಗರ್ಜಿಯಲ್ಲಿ ಮೇಣದಬತ್ತಿ ಉರಿಯಿತು, ನೋವು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ.

ತೀರಿಕೊಂಡ ಗಂಡ ಅಲೋಶಿಯಸ್ ಎಬ್ಬಿಸಿದ ತೋಟವೆಂದು ಇಷ್ಟು ದಿನ ಸಹಿಸಿದ್ದಳು. ಇನ್ನು ಆಗದೆಂದು ಶನಿವಾರ ತೋಟದ ಕೆಲಸದ ಶೀನನಿಗೆ ಗಿಡಗಳನ್ನು ಅಗೆದು ತೆಗೆಯಲು ಹೇಳಿ, ಒಮ್ಮೆ ಆಸ್ಪತ್ರೆಗೆ ತೋರಿಸೆಂಬ ನೆರೆಮನೆಯ ಕ್ಲಾರಾಳ ಕಾಟ ತಡೆಯಲಾರದೆ ಮಣಿಪಾಲದ ಬಸ್ಸು ಹತ್ತಿದಳು.

ಅಲ್ಲಿ ಫಿಸಿಯೋಥೆರಪಿಯ ತನ್ವಿ, ಮಗಳ ಪ್ರಾಯದವಳು, ಎಲ್ಲ ಕೇಳಿಸಿಕೊಂಡು, "ಹೂ ಹೇಗೆ ಕಟ್ಟುತ್ತೀರಿ, ಒಮ್ಮೆ ತೋರಿಸಿ" ಎಂದಳು.

ವೆರೊನಿಕಾ ಗಲ್ಲ ಎದೆಗೆ ತಾಗುವಷ್ಟು ತಲೆ ತಗ್ಗಿಸಿ, ಇಲ್ಲದ ಬಾಳೆನಾರಿಗೆ ಇಲ್ಲದ ಮೊಗ್ಗು ಸೇರಿಸಿ ತೋರಿಸಿದಳು.

"ಹೀಗೆ ಎಷ್ಟು ಹೊತ್ತು?"

"ದಿನಕ್ಕೆ ನಾಲ್ಕು ಗಂಟೆ. ಮದುವೆಯಾದಂದಿನಿಂದ."

ತನ್ವಿ ಆಕೆಯನ್ನು ಮಲಗಿಸಿ, ಕುತ್ತಿಗೆಯ ಹಿಂದೆ, ತಲೆಬುರುಡೆ ಮುಗಿಯುವಲ್ಲಿ ಬೆರಳಿಟ್ಟು ಒತ್ತಿದಳು. ಬಲಗಣ್ಣಿನ ಹಿಂದೆ ಅದೇ ನೋವು, ಅದೇ ಕುಟ್ಟು, ಕರೆದವರಿಗೆ ಓಗೊಟ್ಟ ಹಾಗೆ ಬಂದು ನಿಂತಿತ್ತು.

"ಇಲ್ಲಿ ಮಲ್ಲಿಗೆ ಉಂಟಾ ಅಮ್ಮ?" ಎಂದು ತನ್ವಿ ಮೆಲ್ಲನೆ ಕೇಳಿದಳು.

"ಇಲ್ಲ."

"ಕುತ್ತಿಗೆಯ ನರವೂ ಮುಖದ ನರವೂ ಒಳಗೆ ಒಂದೇ ಕಡೆ ಸೇರ್ತವೆ. ಕುತ್ತಿಗೆ ದೂರು ಕೊಟ್ಟರೆ ಮೆದುಳು ಅದನ್ನು ಕಣ್ಣಿನ ಹೆಸರಿಗೆ ಬರ್ಕೊಳ್ತದೆ."

ಬೆರಳು ಅಲ್ಲೇ ಇತ್ತು. ನೋವು ಸ್ವಲ್ಪ ಸ್ವಲ್ಪವೇ ಇಳಿಯತೊಡಗಿತು. ಅರುವತ್ತೆರಡು ವರ್ಷ ಹೊತ್ತು ತಿರುಗಿದ ತನ್ನ ಮೈಯೊಳಗೆ ಇಂಥದೊಂದು ಗುಟ್ಟಿನ ದಾರಿ ಇದೆಯೆಂದು ಆಕೆಗೆ ಗೊತ್ತೇ ಇರಲಿಲ್ಲ. ಇಗರ್ಜಿಯಲ್ಲಿ ಮಾತ್ರ ಬರುವ ಬೆರಗು ಈ ರೆಕ್ಸಿನ್ ಮಂಚದ ಮೇಲೆ ಬಂತು. ದಿನಾ ವ್ಯಾಯಾಮ ಮಾಡಬೇಕು, ಹೂವಿನ ತಟ್ಟೆ ಮೇಜಿನ ಮೇಲೆ ಎದೆಮಟ್ಟಕ್ಕೆ ಬರಬೇಕು, ವಾಸಿಯಾಗಲು ವಾರಗಳೇ ಬೇಕು ಎಂದು ತನ್ವಿ ಹೇಳುತ್ತಿದ್ದಳು. ವೆರೊನಿಕಾಳಿಗೆ ಗಿಡಗಳ ನೆನಪಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವಳು ದಡಬಡನೆ ಎದ್ದು ಫೋನು ಹಿಡಿದಳು.

"ಶೀನ, ಅಗೆಯುವುದು ನಿಲ್ಲಿಸು."

"ನಾಲ್ಕು ತೆಗೆದಾಯ್ತು ಬಾಯಮ್ಮ. ಬಾವಿ ಬದಿಯ ಹಳೆಯದ್ದು."

ಮದುವೆಯಾದ ವರ್ಷ ಅಲೋಶಿಯಸ್ ಕೈಯಾರೆ ನೆಟ್ಟ ಮೊದಲ ಗಿಡಗಳು ಅವೇ ನಾಲ್ಕು. ಉಳಿದದ್ದೆಲ್ಲ ಅವುಗಳ ಸಂತಾನ. ಮಾಡದ ತಪ್ಪಿಗೆ ಗಂಡನನ್ನೇ ಮನೆಯಿಂದ ಹೊರಹಾಕಿದಂತಾಗಿ ಆಕೆಗೆ ಅಳು ಉಕ್ಕಿತು.

"ಬೇರಿಗೆ ಒದ್ದೆ ಗೋಣಿ ಸುತ್ತಿ ನೆರಳಲ್ಲಿಡು ಮಾರಾಯ," ಎಂದಳು. "ಅವು ಎಂತ ತಪ್ಪೂ ಮಾಡಿಲ್ಲ. ನಾನು ಈಗಲೇ ಬರ್ತೇನೆ."