ಬಾ ಎನ್ನಲಾರದ ಪರಪ್ಪ

ಊರು ಬಿಟ್ಟು ಮಹಾನಗರಕ್ಕೆ ಬಂದು ಸ್ಮಶಾನದಲ್ಲಿ ಚಿತೆ ಒಟ್ಟುವ ಕೆಲಸಕ್ಕೆ ಸೇರಿದ ಹೊಸತರಲ್ಲೇ ಪರಪ್ಪ ಒಂದು ಎಡವಟ್ಟು ಮಾಡಿಕೊಂಡ. ತಾಯಿಗೆ ಕೊಳ್ಳಿಯಿಟ್ಟು ಹೊರಟ ಒಬ್ಬಾತ, ಅವನೂ ಕನ್ನಡದವನೇ, ಕೈಮುಗಿದಾಗ ವಿಜಯಪುರದ ರೂಢಿಯಂತೆ ಇವನ ಬಾಯಿಂದ "ಹೋಗಿ ಬರ್ರಿ" ಎಂದು ಬಂದುಬಿಟ್ಟಿತು. ಆತ ಒಮ್ಮೆ ತಿರುಗಿ ನೋಡಿ ಹೋದ. ವಾರ ಕಳೆಯುವುದರೊಳಗೆ ನಿಜಕ್ಕೂ ಮತ್ತೆ ಬಂದ, ಈ ಸಲ ಹೆಂಡತಿಯನ್ನು ಹೊತ್ತುಕೊಂಡು.

ಅಂದಿನಿಂದ ಪರಪ್ಪ ಯಾರಿಗೂ ಬಾ ಎನ್ನಲಿಲ್ಲ. ಕೆಲಸದ ಬಗ್ಗೆ ಅವನಿಗೆ ನಾಚಿಕೆಯಿರಲಿಲ್ಲ, ಭಕ್ತಿಯಿತ್ತು. ಯಾರ ಹೆಣವೇ ಬರಲಿ, ಕಟ್ಟಿಗೆಯನ್ನು ಹಾಸಿಗೆ ಹಾಸಿದಷ್ಟು ಜತನದಿಂದ ಒಟ್ಟುತ್ತಿದ್ದ. ಆದರೆ ಬಾಯಿಗೆ ಬಿದ್ದ ಬೀಗ ಭಾಂಡುಪಿನ ಚಾಳಿನಲ್ಲಿದ್ದ ಮನೆಗೂ ಬಂತು. ಬೆಳಿಗ್ಗೆ ಹೋಗಿ ಬರ್ತೀನಿ ಎಂದೂ ಹೇಳದೆ ಚಪ್ಪಲಿ ಮೆಟ್ಟುವ ಗಂಡನನ್ನು ಕಂಡರೆ ನೀಲಾಬಾಯಿ ಉರಿದುಬೀಳುತ್ತಿದ್ದಳು. "ಹೆಣದ ಮುಂದ ನಿಂತು ನಿಂತು ಇವರ ನಾಲಿಗಿನೂ ಸತ್ತೈತಿ" ಎನ್ನುತ್ತಿದ್ದಳು. ಜನರದ್ದು ಇನ್ನೊಂದು ಕಥೆ. ಸಾವಿಗೆ ಅವನು ಬೇಕು, ಸತ್ಯನಾರಾಯಣ ಪೂಜೆಗೆ ಬೇಡ. ಕರೆಯದ ಮೇಲೆ ಪರಪ್ಪನೂ ಯಾರ ಹೊಸ್ತಿಲನ್ನೂ ತುಳಿಯಲಿಲ್ಲ.

ಮಗಳು ರೂಪಾಲಿಯನ್ನು ಸಾಂತಾಕ್ರೂಜಿನ ಹುಡುಗ ತಾನಾಗಿ ಮೆಚ್ಚಿದ. ಅವನ ತಾಯಿ ಒಲ್ಲದ ಮನಸ್ಸಿನಿಂದ ಒಪ್ಪಿದಳು. ಮದುವೆಯ ಮರುದಿನ ಸೊಸೆಯನ್ನು ಕರೆದೊಯ್ಯಲು ಆಕೆಯೇ ಬಂದಳು. ನೀಲಾಬಾಯಿ ಮಗಳಿಗೆ ಉಡಿ ತುಂಬಿ, "ಹೋಗಿ ಬಾ ನನ್ನವ್ವ" ಎಂದು ಅತ್ತಳು. ನೆರೆಯವರೂ ಅಂದರು. ಅಪ್ಪನ ಬಾಯಿಂದಲೂ ಅದೊಂದು ಮಾತು ಕೇಳಬೇಕೆಂದು ರೂಪಾಲಿ ಬಾಗಿಲಲ್ಲೇ ನಿಂತಳು. ಪರಪ್ಪನ ತುಟಿ ಅಲುಗಿತು. ಹೆಂಡತಿಯನ್ನು ಹೊತ್ತು ತಂದವನ ಮುಖ ಕಣ್ಣಿಗೆ ಕಟ್ಟಿ, ಮಗಳ ತಲೆ ಸವರಿ "ನಡಿ ಯವ್ವಾ" ಎಂದಷ್ಟೇ ಅಂದ.

"ಮತ್ಲಬ್ ನಾ ವಾಪಸ್ ಬರೂದು ಬ್ಯಾಡೇನು ಪಪ್ಪಾ?" ಎಂದಳು ರೂಪಾಲಿ.

"ಹಂಗಲ್ಲ ಯವ್ವಾ. ಸುಡುಗಾಡದಾಗ ಒಮ್ಮೆ ಒಬ್ಬಾಂವಗ ಹೋಗಿ ಬರ್ರಿ ಅಂದಿದ್ದೆ. ವಾರದಾಗ ಹೇಣ್ತಿ ಹೆಣಾ ಹೊತಗೊಂಡು ಬಂದ. ಅದ ಬಾಯಿಲೆ ನಿನಗ ಹೆಂಗ ಅನ್ನಲಿ? ಅಂಜಿಕಿ ಆಗ್ತೈತಿ ನನಗ."

ನೀಲಾಬಾಯಿಯೂ ಇದನ್ನು ಕೇಳಿದ್ದು ಅದೇ ಮೊದಲು. ಇಷ್ಟು ವರ್ಷ ಬೈದದ್ದೆಲ್ಲ ನೆನಪಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಬೇಕಾದ್ರ ನಾನ ಬಂದು ನಿನ್ನ ನೋಡ್ಕೊಂಡು ಹೋಗ್ತೀನಿ" ಎಂದ ಪರಪ್ಪ.

ಬೀಗತಿ ಮುಖ ತಿರುಗಿಸಿ ಓಣಿಯ ಕಡೆ ನೋಡತೊಡಗಿದಳು. ಸುಡುಗಾಡಿನವನು ತನ್ನ ಮನೆಗೆ ಬರುವುದು ಆಕೆಗೆ ಬೇಡವಾಗಿತ್ತು. ಅದು ಪರಪ್ಪನಿಗೂ ತಿಳಿಯಿತು. ಆಡಬಾರದ್ದನ್ನು ಮತ್ತೊಮ್ಮೆ ಆಡಿದೆನಲ್ಲ ಎಂದು ಅವನು ತಲೆ ತಗ್ಗಿಸಿದ.

ರೂಪಾಲಿ ಅತ್ತೆಗೆ ಕೇಳುವಂತೆಯೇ ಹೇಳಿದಳು: "ಬಾ ಪಪ್ಪಾ. ಡ್ಯೂಟಿ ಮುಗಿಸಿ ಸೀದಾ ಬಾ. ಜಳಕಾ ನಮ್ಮನ್ಯಾಗ ಮಾಡು, ನೀರು ನಾ ಕಾಸಿ ಇಡ್ತೀನಿ."

ಎಷ್ಟೋ ಮಂದಿಯ ಅಳುವಿನ ನಡುವೆ ಕಲ್ಲಿನಂತೆ ನಿಂತ ಮನುಷ್ಯ, ಅಂದು ಎಲ್ಲರೆದುರು ಅತ್ತುಬಿಟ್ಟ.