ಒಡಕು ದನಿಯ ಜೋಗುಳ

ಅಕ್ಕನ ಗಂಟಲಲ್ಲಿ ಗಂಟು ಬೆಳೆದು ವರ್ಷಗಳೇ ಆಗಿದ್ದವು. ಹಾಡುವಾಗ ಮೇಲಿನ ಸ್ವರಕ್ಕೆ ಹೋದರೆ ದನಿ ಒಡೆಯುತ್ತಿತ್ತು, ಕೆಳಗಿಳಿದರೆ ಕರಕರ ಎನ್ನುತ್ತಿತ್ತು. ಆ ಕರಕರ ಕೇಳಲೆಂದೇ ಜನ ಮುಗಿಬೀಳುತ್ತಿದ್ದರು ಎಂಬುದು ಬೇರೆ ಮಾತು. ಮರುದಿನ ಆಪರೇಷನ್ ಇತ್ತು. ದನಿ ಉಳಿಯುತ್ತದೆ, ಆದರೆ ಇದೇ ದನಿ ಇರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಪುಟ್ಟ ಮಗಳು ಹುಟ್ಟಿದಾಗಿನಿಂದ ಈ ದನಿ ಕೇಳಿಯೇ ಮಲಗಿದವಳು. ಅವಳಿಗಾಗಿ ಒಂದು ಜೋಗುಳವಾದರೂ ಹೀಗೇ ಉಳಿಯಲೇಬೇಕೆಂದು ಹಟ ಹಿಡಿದು, ಬೆಳಿಗ್ಗೆಯೇ ತಮ್ಮನ ಸ್ಟುಡಿಯೋಗೆ ಬಂದು ಹಾಡಿದ್ದಳು.

ಸ್ಟುಡಿಯೋ ಎಂದರೆ ದೊಡ್ಡ ಮಾತಾಯಿತು. ಮನೆಯ ಹಿಂದಿನ ಕೋಣೆ, ಗೋಡೆಗೆ ಒರಗಿಸಿದ ಹಳೇ ಹಾಸಿಗೆಗಳು, ಒಂದೇ ಮೈಕು. ಹಾಡುವವರೂ ರೆಕಾರ್ಡ್ ಮಾಡುವವನೂ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡೇ ಕೂರಬೇಕು.

ಅವಳು ಬಿಸಿನೀರು ಕುಡಿದು ಬರುವಷ್ಟರಲ್ಲಿ ಆ ಹಾಡನ್ನು ತಮ್ಮ ಕಂಪ್ಯೂಟರಿನಲ್ಲಿ ತೊಳೆದು ಬಳಿದು ಇಟ್ಟಿದ್ದ.

"ಕೇಳಕ್ಕಾ, ಎಷ್ಟು ಚೆನ್ನಾಗಿ ಬಂದಿದೆ!"

ಒಡಕಿಲ್ಲ, ಕರಕರವಿಲ್ಲ, ಉಸಿರೆಳೆದ ಸದ್ದೂ ಇಲ್ಲ. ಉಸಿರೇ ಬೇಡದ ಯಾವಳೋ ಹಾಡುತ್ತಿದ್ದಳು.

"ಯಾರೋ ಇವಳು?"

"ನೀನೇ."

"ನನ್ನ ಮಗಳು ಇವಳನ್ನ ಮನೆಯೊಳಗೇ ಸೇರಿಸಲ್ಲ. ಮೊದಲು ಹಾಡಿದ್ದನ್ನೇ ಹಾಕು."

ತಮ್ಮನ ಮುಖ ಸಪ್ಪಗಾಯಿತು. ಮೊದಲಿನದರ ಮೇಲೆಯೇ ಇದನ್ನು ಸೇವ್ ಮಾಡಿಬಿಟ್ಟಿದ್ದ. ಅಕ್ಕನ ಹಾಡಿಗೆ ಯಾರೂ ಕೊಂಕು ತೆಗೆಯಬಾರದೆಂದು ಪ್ರೀತಿಯಿಂದಲೇ ಮಾಡಿದ್ದ, ಪಾಪ. ಪ್ರೀತಿಗೂ ಒಮ್ಮೊಮ್ಮೆ ಬುದ್ಧಿ ಇರುವುದಿಲ್ಲ.

"ಇನ್ನೊಂದ್ಸಲ ಹಾಡೋಕಾಗುತ್ತಾ ಅಕ್ಕ? ಗಂಟಲು ಆಗ್ಲೇ ಕಟ್ಕೊಂಡಿದೆ."

"ಆಗ್ದೇ ಏನು? ಕೂತ್ಕೋ. ಮಧ್ಯೆ ನಿಲ್ಲಿಸಿದ್ಯೋ, ನೋಡು ಮತ್ತೆ!"

ಹಾಡಿದಳು. ಎರಡನೇ ಸಾಲಿಗೇ ಗಂಟಲು ಉರಿಯತೊಡಗಿತು. ಮೂರನೆಯದಕ್ಕೆ ದನಿ ಬೆಳಿಗ್ಗೆಗಿಂತ ಕೆಟ್ಟದಾಗಿ ಒಡೆಯಿತು. ತಮ್ಮನ ಕೈ ಅಭ್ಯಾಸಬಲದಿಂದ ನಿಲ್ಲಿಸುವ ಗುಂಡಿಯ ಕಡೆಗೆ ಹೋಯಿತು. ಅಕ್ಕ ಹಾಡುತ್ತಲೇ ಆ ಕೈ ಹಿಡಿದು ತನ್ನ ತೊಡೆಯ ಮೇಲೆ ಒತ್ತಿಟ್ಟುಕೊಂಡಳು. ಮೇಲಿನ ಸ್ವರಕ್ಕೆ ಸ್ವರವೇ ಬರಲಿಲ್ಲ, ಬರೀ ಗಾಳಿ ಬಂತು. ಆ ಗಾಳಿಯನ್ನೇ ತಾಳಕ್ಕೆ ಸರಿಯಾಗಿ ಎಳೆದಳು. ಅವಳಿಗೆ ಭಯವಾಗಿತ್ತು, ನಿಜ. ಹಾಡು ಬಿಡುವಷ್ಟು ಆಗಿರಲಿಲ್ಲ.

ಕೊನೆಯ ಸಾಲಿನಲ್ಲಿ ಪಕ್ಕದಿಂದ ಸೊರಸೊರ ಸದ್ದು ಬಂತು. ತಮ್ಮ ಮೂಗೆಳೆದುಕೊಂಡು ಬಿಕ್ಕುತ್ತಿದ್ದ. ಮೈಕು ಅದನ್ನೂ ಬಿಡಲಿಲ್ಲ.

ಹಾಡು ಮುಗಿಯಿತು.

"ನನ್ನ ಅಳು ಬಿದ್ಬಿಟ್ಟಿದೆ ಅಕ್ಕ. ಅದೊಂದನ್ನ ಮಾತ್ರ ತೆಗೀಲಾ?"

ಅಕ್ಕನಿಗೆ ಈಗ ದನಿಯೇ ಹೊರಡುತ್ತಿರಲಿಲ್ಲ. ಅವನ ಕೈ ಬಿಡದೆ, ಪಿಸುದನಿಯಲ್ಲಿ ಹೇಳಿದಳು:

"ಮುಟ್ಟಬೇಡ. ಮಾವನೂ ಜೊತೇಲಿದ್ದ ಅಂತ ಅವಳಿಗೆ ಗೊತ್ತಾಗ್ಲಿ."