ತೊಟ್ಟಿಲ ಬೆಂಕಿಯ ಬಗ್ಗೆ ಅಮೃತಾಳ ಅಭಿಪ್ರಾಯ

ಗಂಗಾವತಿಯ ಓದುಬಳಗದಲ್ಲಿ ಅಮೃತಾಳ ಅಭಿಪ್ರಾಯಕ್ಕೆ ಎಲ್ಲರೂ ಕಾಯುತ್ತಿದ್ದರು. ಕೆಲವರು ಹೆದರುತ್ತಲೂ ಇದ್ದರು. ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಒಂದು ಟ್ಯೂಷನ್ ಕೋಣೆಯ ಬೆಂಚುಗಳ ಮೇಲೆ ಒಂದಿಷ್ಟು ಜನ ಕೂತು, ಆಯಾ ತಿಂಗಳು ಓದಿದ ಕಾದಂಬರಿಗಳ ಬಗ್ಗೆ ಮಾತಾಡುತ್ತಿದ್ದರು. ಉಳಿದವರು "ಮನಸ್ಸಿಗೆ ತಟ್ಟಿತು" ಎಂದು ಮುಗಿಸಿದರೆ ಅಮೃತಾ, "ಅರ್ಧ ಆಗೋದ್ರಾಗ ಬರದವರಿಗೇ ಬ್ಯಾಸರ ಬಂದೈತ್ರಿ. ಅದಕ್ಕ ಮುದುಕನ್ನ ಸಾಯಿಸಿ ಮುಂದ ಹೋಗ್ಯಾರ" ಎನ್ನುತ್ತಿದ್ದಳು. ಜನ ನಗುತ್ತಿದ್ದರು. ಆದರೆ ಮನೆಗೆ ಹೋಗಿ ಆ ಪುಸ್ತಕ ತೆರೆದು ನೋಡಿದವರಿಗೆ ಅವಳ ಮಾತು ನಿಜ ಅನ್ನಿಸುತ್ತಿತ್ತು.

ಅಮೃತಾ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಮದುವೆಯಾಗಿರಲಿಲ್ಲ. ಹಿರೇಜಂತಕಲ್ಲಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಹತ್ತಿರದವರು ಅಂತ ಇದ್ದದ್ದು ಕುಷ್ಟಗಿಗೆ ಕೊಟ್ಟ ತಂಗಿ ಭವಾನಿ, ಮತ್ತು ಭವಾನಿಯ ಮಗಳು ಅಂಜಲಿ. ಏಳನೆಯ ಇಯತ್ತೆಯ ಅಂಜಲಿಗೆ ಚಿತ್ರಕಾದಂಬರಿಗಳ ಹುಚ್ಚು. ಅಮೃತಾ ಎಲ್ಲೆಲ್ಲಿಂದಲೋ ತರಿಸಿ ಕಳಿಸುವಳು. ಅಂಜಲಿ ಓದಿ, ಅಮ್ಮನ ಫೋನಿನಿಂದ ದೊಡ್ಡಮ್ಮನಿಗೆ ಧ್ವನಿ ಸಂದೇಶ ಕಳಿಸುವಳು. ಕುರುಡು ಅಜ್ಜನ ಜೊತೆ ಉಪ್ಪಿನ ಬಯಲು ದಾಟುವ ಹುಡುಗಿಯ ಕಥೆಯೊಂದನ್ನು ಓದಿ ಅವಳು ಹೇಳಿದ್ದಳು: "ದೊಡ್ಡಮ್ಮ, ಅಜ್ಜನ ಕೋಲು ಒಂದ ಬಿದ್ದದ್ದು ಚಿತ್ರದಾಗ ತೋರಿಸ್ಯಾರ. ಮತ್ತ ಅದರ ಕೆಳಗ 'ಅಜ್ಜ ಇನ್ನಿಲ್ಲ' ಅಂತ ಯಾಕ ಬರೀಬೇಕು? ನಮಗ ಕಣ್ಣಿಲ್ಲೇನು?" ಅಮೃತಾ ಈ ಸಂದೇಶವನ್ನು ಬಳಗದಲ್ಲಿ ಎಲ್ಲರಿಗೂ ಕೇಳಿಸಿದ್ದಳು. ತನ್ನ ಮಾತಿಗೆ ವಾರಸುದಾರಳು ಸಿಕ್ಕಳು ಅನ್ನುವ ಹೆಮ್ಮೆ ಅವಳ ಮುಖದಲ್ಲಿತ್ತು.

ಬಳಗದಲ್ಲಿ ಅವಳಿಗೆ ತುಸು ಸಲಿಗೆ ಇದ್ದದ್ದು ರುದ್ರೇಶನ ಜೊತೆ. ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ. ಎರಡು ಕವನ ಸಂಕಲನ ತಂದಿದ್ದ. ಎರಡನ್ನೂ ಅಮೃತಾ ಮುಖದ ಮೇಲೆ ಹೊಡೆದಂತೆ ಟೀಕಿಸಿದ್ದಳು. ಆತ ಬೇಸರ ಮಾಡಿಕೊಳ್ಳದೆ, "ನೀವು ಒಬ್ಬರರ ಪೂರಾ ಓದೀರಲ್ಲ, ಸಾಕು" ಅಂದಿದ್ದ. ಆ ಮಾತಿನಿಂದಲೇ ಅವಳಿಗೆ ಆತ ಇಷ್ಟವಾಗಿದ್ದು.

ಎರಡು ವರ್ಷದ ಹಿಂದೆ ಕೊಪ್ಪಳದಲ್ಲಿ ಒಂದು ಕಾದಂಬರಿಯ ಬಗ್ಗೆ ಚರ್ಚೆ ಇತ್ತು. ಇಬ್ಬರೂ ರುದ್ರೇಶನ ಕಾರಿನಲ್ಲಿ ಹೋಗಿದ್ದರು. ಹೆಂಗಸೊಬ್ಬಳು ಮನೆ ಮಕ್ಕಳನ್ನು ಬಿಟ್ಟು ಹೋಗುವ ಕಥೆ ಅದು. ಯಾಕೆ ಹೋದಳು ಅನ್ನುವುದನ್ನು ಲೇಖಕಿ ಹೇಳಿರಲಿಲ್ಲ. ವೇದಿಕೆಯಲ್ಲಿದ್ದವರೆಲ್ಲ ಅದನ್ನೇ ಹಿಡಿದು ಜಗ್ಗಿದರು. ಯಾವ ತಾಯಿಯೂ ಹಾಗೆ ಮಾಡಲಾರಳು, ಇದು ಪಟ್ಟಣದ ಕಲ್ಪನೆ, ನಮ್ಮ ಮಣ್ಣಿನದಲ್ಲ ಎಂದರು. ಅಮೃತಾ ಎದ್ದು ನಿಂತು, "ಕಾರಣ ಇಲ್ಲದ್ದಕ್ಕ ಅದು ಖರೇ ಅನಸ್ತೈತ್ರಿ" ಅಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ವಾಪಸು ಬರುವಾಗ ಗಿಣಿಗೇರಿ ದಾಟಿದರೂ ಅವಳ ಸಿಟ್ಟು ಇಳಿದಿರಲಿಲ್ಲ.

"ಯಾವ ತಾಯೀನೂ ಮಾಡಂಗಿಲ್ಲ ಅಂತಾರ. ನಮ್ಮ ಪೈಕಿಯೊಳಗ ನಡದೈತ್ರಿ ಸರ್. ನಾ ಕಣ್ಣಾರೆ ಕಂಡೀನಿ."

"ಏನು ನಡೀತು?" ಎಂದು ರುದ್ರೇಶ ಕೇಳಿದ.

ಅವಳು ಹೇಳಿದಳು. ಭವಾನಿ ಬಾಣಂತನಕ್ಕೆ ಯಲಬುರ್ಗಾದ ತವರಿಗೆ ಬಂದಿದ್ದಳು. ಕೂಸಿಗೆ ನಾಲ್ಕು ತಿಂಗಳು. ನಿದ್ದೆಯಿಲ್ಲ, ಮಾತಿಲ್ಲ, ಗೋಡೆ ನೋಡುತ್ತ ಕೂಡುತ್ತಿದ್ದಳು. ಮನೆಯವರು ನಂಜು ಅಂದರು, ದೃಷ್ಟಿ ಅಂದರು. ಒಂದು ದಿನ ಸೂಜಿ ಹಾಕಿಸಿಕೊಂಡು ಬರುತ್ತೇನೆಂದು ಕೂಸನ್ನು ಎತ್ತಿಕೊಂಡು ಹೊರಟವಳು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ಪೇರಲಹಣ್ಣು ಮಾರುವವಳ ಪಕ್ಕ, ಕೂಸನ್ನು ಮಲಗಿಸಿ ಕುಕನೂರಿನ ಬಸ್ಸು ಹತ್ತಿಬಿಟ್ಟಳು. ಅವತ್ತೇ ತಂಗಿಯನ್ನು ನೋಡಲು ಗಂಗಾವತಿಯಿಂದ ಬಂದ ಅಮೃತಾ ಬಸ್ಸಿಳಿದಾಗ ಬೆಂಚಿನ ಸುತ್ತ ಜನ ಸೇರಿದ್ದರು. ಹಳದಿ ಬಾತುಕೋಳಿಗಳ ದುಪ್ಪಟಿಯಿಂದ ಗುರುತು ಸಿಕ್ಕಿತು. ಅದನ್ನು ಕೊಡಿಸಿದವಳು ಅವಳೇ. ತಂಗಿಗೆ ತಲೆ ತಿರುಗಿ ಬಂದಿದೆ, ಆಚೆ ನೀರು ಕುಡಿಯಲು ಹೋಗಿದ್ದಾಳೆ ಎಂದು ಎಲ್ಲರಿಗೂ ಸುಳ್ಳು ಹೇಳಿ, ಕೂಸನ್ನು ಎತ್ತಿಕೊಂಡು ನಿಂತಳು. ಕುಕನೂರಿನಿಂದ ಬಂದ ಬಸ್ಸಿನಲ್ಲೇ ಭವಾನಿ ಮರಳಿದಳು. ಕುಪ್ಪಸವೆಲ್ಲ ಹಾಲಿನಿಂದ ತೊಯ್ದಿತ್ತು. "ಅಕ್ಕ, ನಾ ಇಲ್ಲಾಂದ್ರ ಅದು ಛಲೋ ಇರತೈತಿ ಅನಿಸ್ತು" ಅಂದಳು. ಅಷ್ಟೇ. ಆಮೇಲೆ ಅಮೃತಾ ಅವಳನ್ನು ಹುಬ್ಬಳ್ಳಿಯ ಡಾಕ್ಟರರಿಗೆ ತೋರಿಸಿ ತಿಂಗಳುಗಟ್ಟಲೆ ಗುಳಿಗೆ ಕೊಡಿಸಿದಳು. ಮನೆಯವರಿಗೆ, ಗಂಡ ಕಲ್ಲೇಶನಿಗೆ, ಅತ್ತೆ ಕಳಕಮ್ಮನಿಗೆ ಹೇಳಿದ್ದು ಥೈರಾಯ್ಡ್ ಅಂತ.

"ನಮ್ಮ ಪೈಕಿ" ಅಂತ ಶುರುವಾದ ಮಾತು ಯಾವಾಗ "ನಮ್ಮ ಭವಾನಿ" ಆಯಿತೋ ಅವಳಿಗೇ ತಿಳಿಯಲಿಲ್ಲ. ರುದ್ರೇಶ ಕಾರು ಬದಿಗೆ ನಿಲ್ಲಿಸಿ ಕಣ್ಣೊರೆಸಿಕೊಂಡ.

"ಯಾರ ಮುಂದೂ ಅನಬ್ಯಾಡ್ರಿ" ಅಂದಳು.

"ಛೇ, ಅನ್ನೋ ಮಾತೇನ್ರಿ ಇದು."

ಈ ವರ್ಷ ರುದ್ರೇಶನ ಮೊದಲ ಕಾದಂಬರಿ ಬಂತು. 'ತೊಟ್ಟಿಲ ಬೆಂಕಿ' ಅಂತ ಹೆಸರು. ಕೊಪ್ಪಳದಲ್ಲಿ ಬಿಡುಗಡೆ. ಪುಸ್ತಕದ ಬಗ್ಗೆ ಮಾತಾಡಬೇಕಾದವಳು ಅಮೃತಾ. "ಹೊಗಳಬ್ಯಾಡ್ರಿ. ಇದ್ದದ್ದು ಇದ್ದಂಗ ಹೇಳ್ರಿ" ಎಂದು ಆತನೇ ಮನೆಗೆ ಬಂದು ಪ್ರತಿ ಕೊಟ್ಟು ಹೋದ.

ಬಿಡುಗಡೆಯ ಹಿಂದಿನ ದಿನ, ಶನಿವಾರ, ರಜೆ. ಬೆಳಿಗ್ಗೆಯೇ ಓದಲು ಕೂತಳು. ಮೊದಲರ್ಧ ನಿಜಕ್ಕೂ ಚೆನ್ನಾಗಿತ್ತು. ಅಕ್ಕಿ ಗಿರಣಿಯ ತೌಡಿನ ಧೂಳು, ಹಮಾಲರ ಬೈಗುಳ, ಕಾಲುವೆಗೆ ನೀರು ಬಿಟ್ಟ ದಿನದ ಸಂಭ್ರಮ, ಎಲ್ಲಾ ಕಣ್ಣಿಗೆ ಕಟ್ಟುವಂತಿದ್ದವು. ಪೆನ್ಸಿಲಿನಿಂದ ಗೆರೆ ಎಳೆಯುತ್ತ ಹೋದಳು. ಕಡೆಗೂ ಬರೆದನಲ್ಲ ಎಂದು ಅವಳಿಗೆ ಸ್ವಂತದ ಖುಷಿಯಾಯಿತು.

ಊಟ ಮಾಡಿ ಮತ್ತೆ ಓದಲು ಕೂತಾಗ ಬಸ್‌ಸ್ಟ್ಯಾಂಡು ಬಂತು. ಊರಿಗೆ ಬೇರೆ ಹೆಸರು. ಹೆಂಗಸಿನ ಹೆಸರು ಚಂದ್ರಿಕಾ. ಆದರೆ ಕಲ್ಲುಬೆಂಚು ಇತ್ತು, ಪೇರಲಹಣ್ಣಿನವಳಿದ್ದಳು, ದುಪ್ಪಟಿಯ ಮೇಲೆ ಹಳದಿ ಬಾತುಕೋಳಿಗಳಿದ್ದವು. ಚಂದ್ರಿಕಾ ಕೂಸು ಬಿಟ್ಟು ಬಸ್ಸು ಹತ್ತುವುದು ಆ ಬಸ್ಸಿನ ಕಂಡಕ್ಟರನಿಗಾಗಿ. ಇಬ್ಬರೂ ಲಾಡ್ಜಿಗೆ ಹೋಗುತ್ತಾರೆ. ಲಾಡ್ಜಿನ ಹಾಸಿಗೆಯ ಮೇಲೆ ಅವಳ ಎದೆಹಾಲು ಸೋರುವುದನ್ನು ರುದ್ರೇಶ ಒಂದಿಡೀ ಪುಟ ಬರೆದಿದ್ದ. ಕೊನೆಗೆ ಅವಳು ಪಾಪಪ್ರಜ್ಞೆಯಿಂದ ಮೈಗೆ ಬೆಂಕಿ ಹಚ್ಚಿಕೊಳ್ಳುತ್ತಾಳೆ.

ಅಮೃತಾ ಫೋನು ಹಚ್ಚಿದಳು.

"ಯಾವ ಕಂಡಕ್ಟರ್ರಿ ಅಂವ? ಎಲ್ಲಿಂದ ಬಂದ?"

"ಅಮೃತಾ ಮೇಡಂ, ಊರು ಬ್ಯಾರೆ, ಹೆಸರು ಬ್ಯಾರೆ. ಅದು ನಿಮ್ಮ ತಂಗಿ ಅಲ್ಲ."

"ದುಪ್ಪಟಿ ನಮ್ಮದ ಐತಲ್ಲ."

"ಓದೋರಿಗೆ ಕಾರಣ ಬೇಕಲ್ರಿ. ಸುಮ್ಮನ ಬಿಟ್ಟು ಹೋದಳು ಅಂದ್ರ ಯಾರು ನಂಬ್ತಾರ? ಅವತ್ತು ಕೊಪ್ಪಳದಾಗ ಯಾರೂ ನಂಬಲಿಲ್ಲ. ನೀವ ನೋಡಿದ್ರಿ." ಆಮೇಲೆ ದನಿ ಇಳಿಸಿ ಕೇಳಿದ: "ನಾಳೆ ಬರ್ತೀರಲ್ಲ?"

"ಬರ್ತೀನಿ" ಅಂದಳು.

ಭಾನುವಾರ ಸಭಾಂಗಣ ತುಂಬಿತ್ತು. ಅಮೃತಾ ಮೊದಲು ಗಿರಣಿಯ ಅಧ್ಯಾಯಗಳನ್ನು ಹೊಗಳಿದಳು. ಇಂಥ ಗದ್ಯ ನಮ್ಮ ಭಾಗದಿಂದ ಬಂದು ಭಾಳ ದಿನ ಆಗಿತ್ತು ಅಂದಳು. ಅಲ್ಲಿಯವರೆಗೆ ಕಾಗದ ನೋಡಿಯೇ ಮಾತಾಡುತ್ತಿದ್ದಳು. ಆಮೇಲೆ ಕಾಗದ ಮಡಚಿದಳು.

"ಆದ್ರ ಚಂದ್ರಿಕಾನ ವಿಷಯದಾಗ ಈ ಪುಸ್ತಕ ಸುಳ್ಳು ಹೇಳೈತ್ರಿ. ಆಕಿಗೆ ಯಾವ ಕಂಡಕ್ಟರೂ ಇರಲಿಲ್ಲ. ಆಕಿಗೆ ಆರಾಮಿರಲಿಲ್ಲ, ಅಷ್ಟ. ಹೆಣ್ಣಿಗೆ ಮನಸಿನ ಜಡ್ಡು ಬಂದ್ರ ಗಂಡಸರಿಗೆ ತಿಳಿಯೂದು ಒಂದ. ಇನ್ಯಾವನೋ ಇದ್ದ ಅಂತ."

ಮುಂದಿನ ಸಾಲಿನಿಂದ ನಿವೃತ್ತ ಮೇಷ್ಟ್ರೊಬ್ಬರು ನಗುತ್ತ ಕೇಳಿದರು: "ಪಾತ್ರ ಬರದವರಿಗಿಂತ ನಿಮಗ ಹೆಚ್ಚು ಹೆಂಗ ಗೊತ್ತಾತ್ರಿ ಅಮ್ಮ?"

ಸಭೆ ನಕ್ಕಿತು. ಆ ನಗೆ ಅವಳಿಗೆ ತಡೆಯಲಾಗಲಿಲ್ಲ.

"ಇದು ಖರೇ ನಡದದ್ದು, ಅದಕ್ಕ ಗೊತ್ತು. ಯಲಬುರ್ಗಾ ಬಸ್‌ಸ್ಟ್ಯಾಂಡಿನ್ಯಾಗ ಆ ಕೂಸನ್ನ ಎತ್ತಿಕೊಂಡು ನಿಂತಾಕಿ ನಾನು. ಆಕಿ ಬೆಂಕಿ ಹಚ್ಚಿಕೊಂಡಿಲ್ಲ. ಬದುಕ್ಯಾಳ. ಮಗಳನ್ನ ನಿಮ್ಮೆಲ್ಲಾರಕಿಂತ ಛಲೋ ಬೆಳೆಸ್ಯಾಳ."

ನಗೆ ನಿಂತಿತು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಬಹಳ ಜನ ತಟ್ಟಿದರು. ರುದ್ರೇಶ ಕೊನೆಗೆ ಮೈಕಿನ ಮುಂದೆ ಬಂದು, "ಒಬ್ಬ ಓದುಗರು ನನ್ನ ಪಾತ್ರಕ್ಕಾಗಿ ಇಷ್ಟು ಜಗಳಾಡುತ್ತಾರೆ ಎಂದರೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದು?" ಎಂದು ಅವಳಿಗೆ ಕೈ ಮುಗಿದ. ಅವನಿಗೂ ಚಪ್ಪಾಳೆ. ಬಾಗಿಲಲ್ಲಿ ಮೇಜಿನ ಮೇಲಿದ್ದ ಪ್ರತಿಗಳೆಲ್ಲ ಖಾಲಿಯಾದವು.

ಯಾರೋ ವಿಡಿಯೋ ಮಾಡಿದ್ದರು. 'ಬಿಡುಗಡೆ ವೇದಿಕೆಯಲ್ಲೇ ಲೇಖಕನ ಬೆವರಿಳಿಸಿದ ಮಹಿಳೆ' ಎಂದು ಅದು ಊರೂರು ತಿರುಗಿತು. ಅಮೃತಾ ಕಚೇರಿಯಲ್ಲಿ ಊಟದ ಹೊತ್ತಿಗೆ ಫೋನು ತೆಗೆದು, ಕೆಳಗೆ ಜನ ಬರೆದದ್ದನ್ನು ಓದುತ್ತಿದ್ದಳು. ದಿಟ್ಟೆ ಎಂದಿದ್ದರು, ಇಂಥವರು ಬೇಕು ಎಂದಿದ್ದರು. ಗುರುತಿಲ್ಲದ ಹೆಂಗಸರು ತಮಗೂ ಹಾಗೇ ಆಗಿತ್ತು ಎಂದು ಬರೆದಿದ್ದರು. ತಂಗಿಗೆ ತಾನು ನ್ಯಾಯ ಕೊಡಿಸಿದೆ ಎಂದೇ ಅವಳು ನಂಬಿದ್ದಳು.

ವಾರ ಕಳೆಯುವುದರೊಳಗೆ ಭವಾನಿಯ ಫೋನು ಬಂತು. ಅಳು ಇರಲಿಲ್ಲ.

"ಅಕ್ಕ, ಆ ಪುಸ್ತಕ ಯಾರು ಓದ್ತಿದ್ರು?"

"ಭವಾನಿ, ಅಂವ ನಿನ್ನ ಬಗ್ಗೆ ಏನೇನು ಬರದಾನ ಗೊತ್ತೇನು?"

"ಕುಷ್ಟಗ್ಯಾಗ ಒಬ್ಬರೂ ಓದ್ತಿರಲಿಲ್ಲ. ಓದಿದ್ರೂ ಅದು ನಾನ ಅಂತ ಯಾರಿಗೂ ತಿಳೀತಿರಲಿಲ್ಲ. ನಿನ್ನ ವಿಡಿಯೋ ಎಲ್ಲಾರೂ ನೋಡ್ಯಾರ. ನಮ್ಮ ನಾದಿನಿ ಮನಿಯಾಗ ಟೀವಿಗೆ ಹಚ್ಚಿ ನೋಡ್ಯಾರ. ಕೂಸು ಎತ್ತಿಕೊಂಡಾಕಿ ನೀನು. ನಿನಗಿರೋ ತಂಗಿ ಒಬ್ಬಾಕಿ. ಹೇಳೂದು ಏನು ಉಳೀತು?"

ಅಮೃತಾ ಮರುದಿನವೇ ರಜೆ ಹಾಕಿ ಕುಷ್ಟಗಿಗೆ ಹೋದಳು. ಬಸ್ಸಿನಲ್ಲಿ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದಳು. ಜಡ್ಡಿನ ಹೆಸರು, ಡಾಕ್ಟರರ ಮಾತು, ಎಷ್ಟೋ ತಾಯಂದಿರಿಗೆ ಇದು ಆಗುತ್ತದೆ ಅನ್ನುವುದು. ಕಲ್ಲೇಶನದು ದಾಳಿಂಬೆ ವ್ಯಾಪಾರ. ಅಂಗಳದಲ್ಲಿ ಖಾಲಿ ಕ್ರೇಟುಗಳು ಒಟ್ಟಿದ್ದವು. ಕಳಕಮ್ಮ "ಬರ್ರಿ" ಅಂದಳು, ಚಹಾ ಕೊಟ್ಟಳು. ಬೈಯಲಿಲ್ಲ.

"ಥೈರಾಯ್ಡ್ ಅಂತ ಹೇಳಿದ್ರಿ" ಅಂದಳು ಅಷ್ಟೇ. "ನಾನು ಆಕಿ ಕೈಯಾಗ ಕೂಸು ಕೊಟ್ಟು ಜಾತ್ರಿಗೆ ಹೋಗೀನಿ, ಮದುವಿಗೆ ಹೋಗೀನಿ. ನನಗ ಒಂದು ಮಾತು ಹೇಳಬೇಕಿತ್ತಲ್ಲ."

ಕಲ್ಲೇಶ ಕುರ್ಚಿ ಎಳೆದುಕೊಂಡು ಎದುರು ಕೂತ. ಕೈಯಲ್ಲಿ 'ತೊಟ್ಟಿಲ ಬೆಂಕಿ' ಇತ್ತು. ಹುಟ್ಟಿದಾಗಿನಿಂದ ದಿನಪತ್ರಿಕೆ ಬಿಟ್ಟು ಬೇರೇನೂ ಓದದವನು ಕೊಪ್ಪಳದಿಂದ ತರಿಸಿಕೊಂಡಿದ್ದ.

"ಈ ಕಂಡಕ್ಟರ್ ಯಾರ್ರಿ?"

"ಅದು ಸುಳ್ಳು ಕಲ್ಲೇಶ. ನಾ ಸ್ಟೇಜ್ ಮ್ಯಾಲೆ ಅದನ್ನ ಹೇಳೀನಲ್ಲ."

"ಇದು ಖರೇ ನಡದದ್ದು ಅಂತ ನೀವ ಹೇಳೀರಿ. ಬಸ್‌ಸ್ಟ್ಯಾಂಡು ಖರೇ, ಕೂಸು ಖರೇ, ದುಪ್ಪಟಿ ಖರೇ. ಅದಿನ್ನೂ ನಮ್ಮ ಟ್ರಂಕಿನ್ಯಾಗ ಐತಿ. ಕಂಡಕ್ಟರ್ ಒಬ್ಬನ ಸುಳ್ಳು ಹೆಂಗ ಆಗ್ತಾನ?"

ಅಮೃತಾ ಜೋಡಿಸಿಕೊಂಡು ಬಂದದ್ದೆಲ್ಲವನ್ನೂ ಹೇಳಿದಳು. ಆತ ತಲೆ ಅಲ್ಲಾಡಿಸುತ್ತ ಕೇಳಿದ. ಕೇಳಿ ಮುಗಿದ ಮೇಲೆ, "ಆ ಬರದವರಿಗೆ ಇದೆಲ್ಲಾ ನೀವ ಹೇಳಿದ್ರೇನು?" ಎಂದ. ಅವಳು ಹೌದೆಂದಳು. "ಮತ್ತ ಕಂಡಕ್ಟರನ ಸುದ್ದೀನೂ ನೀವ ಹೇಳಿರಬೇಕು" ಎಂದು ಪುಸ್ತಕವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ. ಭವಾನಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ನಡುವೆ ನಿಲ್ಲದೆ ಕೇಳುತ್ತಿತ್ತು.

ಅಂಜಲಿ ಮಾಳಿಗೆಯ ಮೇಲಿದ್ದಳು. ಈಗ ಅಜ್ಜಿಯ ಕೋಣೆಯಲ್ಲಿ ಮಲಗುತ್ತಾಳೆ, ಶಾಲೆಗೆ ಅಪ್ಪ ಬಿಟ್ಟು ಬರುತ್ತಾನೆ, ಮನೆಯಲ್ಲಿ ಅಮ್ಮನ ಜೊತೆ ಒಬ್ಬಳನ್ನೇ ಬಿಡುವುದಿಲ್ಲ ಎಂದು ಅವಳೇ ಹೇಳಿದಳು. ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು.

"ಪಪ್ಪಾ ಸ್ನಾನಕ್ಕ ಹೋದಾಗ ಆ ಪುಸ್ತಕ ಓದಿದೆ, ದೊಡ್ಡಮ್ಮ. ಬಸ್‌ಸ್ಟ್ಯಾಂಡಿಂದು ಅಷ್ಟ."

ಅಮೃತಾ ಅವಳ ಪಕ್ಕ ಕೂತಳು.

"ಆಕಿ ಬಂದದ್ದು ಬರದಾರ, ಬಸ್ಸು ಹತ್ತಿ ಹೋದದ್ದು ಬರದಾರ. ಬೆಂಚಿನ ಮ್ಯಾಲೆ ಕೂಸು ಏನು ಮಾಡ್ತಿತ್ತು ಅಂತ ಒಂದು ಸಾಲು ಇಲ್ಲ. ನೀನೂ ಸ್ಟೇಜ್ ಮ್ಯಾಲೆ ಹೇಳಲಿಲ್ಲ." ಹುಡುಗಿ ದೊಡ್ಡಮ್ಮನ ಮುಖ ನೋಡದೆ ಕೇಳಿದಳು: "ನಾ ಅಳ್ತಿದ್ನೇನು?"

"ಹೂಂ."

"ಭಾಳ?"

ಸುಳ್ಳು ಹೇಳಬಹುದಿತ್ತು. ಆದರೆ ಅಂಜಲಿಯ ಮುಂದೆ ಅಮೃತಾಳಿಗೆ ಅದು ರೂಢಿಯಿರಲಿಲ್ಲ. "ಭಾಳ" ಅಂದಳು.

ಅಂಜಲಿ ತಲೆಯಾಡಿಸಿ ಕೆಳಗಿಳಿದು ಹೋದಳು. ಅಂದಿನಿಂದ ಅವಳ ಧ್ವನಿ ಸಂದೇಶ ಬರಲಿಲ್ಲ. ಅಮೃತಾ ಆಮೇಲೆ ಕಳಿಸಿದ ಎರಡು ಚಿತ್ರಕಾದಂಬರಿಗಳು ಮುಟ್ಟಿದವೋ ಇಲ್ಲವೋ ತಿಳಿಯಲಿಲ್ಲ.

ಕಾದಂಬರಿ ಎರಡನೆಯ ಮುದ್ರಣ ಕಂಡಿತು. ಬೆನ್ನುಡಿಯಲ್ಲಿ ಅಮೃತಾಳ ಮಾತು ಹಾಕಬಹುದೇ ಎಂದು ರುದ್ರೇಶ ಸಂದೇಶ ಕಳಿಸಿದ. ಅವಳು ಉತ್ತರ ಕೊಡಲಿಲ್ಲ. ಕೇಳಿಯಾಯಿತಲ್ಲ ಎಂದು ಆತ ಹಾಕಿಯೇಬಿಟ್ಟ: 'ಇಂಥ ಗದ್ಯ ನಮ್ಮ ಭಾಗದಿಂದ ಬಂದು ಬಹಳ ದಿನವಾಗಿತ್ತು.' ಆ ಮಾತು ಅವಳು ಆಡಿದ್ದೇ, ಇಲ್ಲ ಅನ್ನುವಂತಿರಲಿಲ್ಲ. ಬಳಗದವರು ಬಾ ಎಂದು ಎರಡು ತಿಂಗಳು ಕರೆದರು. ಮೂರನೆಯ ತಿಂಗಳು ಕರೆಯಲಿಲ್ಲ.

ದೀಪಾವಳಿ ಕಳೆದ ಮೇಲೆ ಕಳಕಮ್ಮನ ಕಣ್ಣಿನ ಪರೀಕ್ಷೆಗೆಂದು ಗಂಗಾವತಿಗೆ ಬಂದ ಭವಾನಿ ಅಕ್ಕನ ಮನೆಗೂ ಬಂದಳು. ಅತ್ತೆ ಜೊತೆಗಿದ್ದಳು. ಭವಾನಿ ತೆಳ್ಳಗಾಗಿದ್ದಳು, ಮತ್ತೆ ಗುಳಿಗೆ ಶುರುವಾಗಿದ್ದವು. ಕಳಕಮ್ಮ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಅಕ್ಕತಂಗಿಯರು ಇಬ್ಬರೇ ಉಳಿದರು. ಅಮೃತಾ ತಂಗಿಯ ಕೈ ಹಿಡಿಯಲು ಹೋದಳು. ಭವಾನಿ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಕೈ ತೆಗೆದುಕೊಂಡು, ಗೋಡೆಗಿದ್ದ ಪುಸ್ತಕಗಳ ಕಡೆ ನೋಡಿದಳು.

"ಈಗ ಏನು ಓದಾಕತ್ತಿ?"

"ಏನೂ ಇಲ್ಲ."

"ಛಲೋ ಆತು" ಅಂದಳು ಭವಾನಿ.